ಅರಮನೆಯ ಎಡಬಲ

ಕಿಮೊನೊದ ಎಡ ಅಂಚು ಬಲದ ಮೇಲೆ ಬರಬೇಕೋ, ಬಲ ಅಂಚು ಎಡದ ಮೇಲೋ ಎಂಬ ಘನಗಂಭೀರ ಪ್ರಶ್ನೆಯೊಂದು ಗಲ್ಫಿನ ಅಲ್ ಮಬೇಲಾದ ಮಾಲಿನ ಎರಡನೇ ಮಹಡಿಯಲ್ಲಿ ತಲೆಯೆತ್ತಿತು. ಜಪಾನಿನ ಚಾರಿತ್ರಿಕ ಧಾರಾವಾಹಿಯೊಂದರ ಅಭಿಮಾನಿಗಳಿಗಾಗಿ ಅಲ್ಲಿ ಆರು ವಾರದ ಮ್ಯೂಸಿಯಂ ಅದೇ ಸಂಜೆ ತೆರೆಯುವುದಿತ್ತು. ಕತ್ತಿ, ಪಲ್ಲಕ್ಕಿ, ಥರ್ಮೋಕೋಲ್ ಕೋಟೆ ಎಲ್ಲ ಸಿದ್ಧ. ಪಾತ್ರಗಳ ಗೊಂಬೆಗಳಿಗೆ ಬಟ್ಟೆ ತೊಡಿಸಿದವಳು ಗುತ್ತಿಗೆ ಕಂಪೆನಿಯ ಟೈಲರ್ ಕ್ಲೆಮೆಂಟಿನಾ.

ಟೋಕಿಯೋದಿಂದ ಬಂದಿದ್ದ ಹಯಾಶಿ ಮೇಡಂ ರಾಣಿಯ ಗೊಂಬೆಯನ್ನು ನೋಡಿದವರೇ ಬಾಯಿಗೆ ಕೈ ಅಡ್ಡ ಹಿಡಿದರು. ಸೇನಾಪತಿಯನ್ನು ನೋಡಿದರು, ದಾಸಿಯರನ್ನು ನೋಡಿದರು. ಕೈ ಇಳಿಯಲಿಲ್ಲ.

"ಬಲದ ಅಂಚು ಮೇಲೆ ಬರುವುದು ಹೆಣಕ್ಕೆ ಮಾತ್ರವಂತೆ," ಸೂಪರ್‌ವೈಸರ್ ಮೆಲ್ರಾಯ್ ಓಡಿಬಂದ. "ಇಡೀ ಅರಮನೆಯನ್ನೇ ಕೊಂದು ನಿಲ್ಲಿಸಿದ್ದಿಯಲ್ಲ ಮಾರಾಯ್ತಿ! ನಮ್ಮ ವೀಸಾದ ಧಣಿ ಕಫೀಲ್‌ಗೆ ಫೋನ್ ಹೋಗಿಯಾಯ್ತು."

"ಇದೇ ಮ್ಯೂಸಿಯಂ ದುಬೈಯಲ್ಲಿದ್ದಾಗ ನೀನು ಅಲ್ಲಿಂದ ಕಳಿಸಿದ ಫೋಟೋ ನೋಡಿಯೇ ಉಡಿಸಿದ್ದಲ್ವಾ?"

ಕ್ಲೆಮೆಂಟಿನಾ ಮೊಬೈಲ್ ತೆಗೆದಳು. ರಾಣಿಯ ಪಕ್ಕ ಮೆಲ್ರಾಯ್, ಸೇನಾಪತಿಯ ಪಕ್ಕ ಮೆಲ್ರಾಯ್. ತಾನಿಲ್ಲದ ಒಂದೂ ಫೋಟೋ ಅವನು ತೆಗೆದಿರಲಿಲ್ಲ. ಗೊಂಬೆಗಳನ್ನು ಬಿಟ್ಟು ಅವನನ್ನು ಅವಳು ದಿಟ್ಟಿಸಿದ್ದು ಇದೇ ಮೊದಲು. ಫೋಟೋದಲ್ಲಿ ಅವನ ಟೀ ಶರ್ಟಿನ ಮೇಲೆ ಕಂಪೆನಿಯ ಹೆಸರು ಹಿಂದುಮುಂದಾಗಿತ್ತು. ಸೆಲ್ಫಿ, ಕನ್ನಡಿಯ ಹಾಗೆ, ಎಡವನ್ನು ಬಲ ಮಾಡಿತ್ತು.

ಮೆಲ್ರಾಯ್ ಕೂಡ ನೋಡಿದ. ಅವನ ದನಿ ಇಳಿಯಿತು. "ಬೇರೆ ಯಾರಿಗೂ ತೋರಿಸ್ಬೇಡ. ನಾನೇ ಹೇಳ್ತೇನೆ."

"ಹೇಳು ಮಾರಾಯಾ. ವೀಸಾ ಈ ತಿಂಗಳಿಗೆ ಮುಗೀತದೆ. ಕಫೀಲ್ ಹೊಸತು ಮಾಡದಿದ್ರೆ ಖಲಾಸ್. ಜೋಸ್ಲಿನ್‌ಗೆ ಮಾರ್ಚಿನಲ್ಲಿ ಇಲ್ಲೇ ಟೆಂತ್ ಪರೀಕ್ಷೆ ಉಂಟು."

"ಜೋಸ್ಲಿನ್ ನನಗೆ ಬೇರೆಯಾ?" ಎಂದ. ಕ್ಲೆಮೆಂಟಿನಾಳ ಆ ತಂದೆಯಿಲ್ಲದ ಮಗಳ ಜ್ಞಾನಸ್ನಾನಕ್ಕೆ ಧರ್ಮತಂದೆಯಾಗಿ ನಿಂತವನು ಅವನೇ.

ಕ್ಲೆಮೆಂಟಿನಾ ಗುಂಡುಪಿನ್ನುಗಳನ್ನು ಬಾಯಲ್ಲಿ ಕಚ್ಚಿಕೊಂಡು ಒಬ್ಬೊಬ್ಬರನ್ನೇ ಬದುಕಿಸುತ್ತ ಬಂದಳು. ಕೋಟೆಯ ಹಿಂದಿನಿಂದ ಮೆಲ್ರಾಯ್ ಕಫೀಲ್ ಜೊತೆ ಫೋನಿನಲ್ಲಿ ಆಡುವ ಹಿಂದಿ ಕೇಳಿಸಿತು. "ನಹೀ ಅರ್ಬಾಬ್, ಮೈನೇ ತೋ ಸಹೀ ಫೋಟೋ ದಿಯಾ ಥಾ. ಔರತ್ ಹೈ ನಾ, ಬ್ಲೌಸ್ ಜೈಸಾ ಪಹನಾ ದಿಯಾ." ಫೋಟೋ ಸರಿಯಾದದ್ದೇ ಕೊಟ್ಟಿದ್ದನಂತೆ; ಹೆಂಗಸಾದ್ದರಿಂದ ಅವಳೇ ಬ್ಲೌಸಿನ ಹಾಗೆ ತೊಡಿಸಿಬಿಟ್ಟಳಂತೆ.

ಅವಳು ಪಿನ್ನುಗಳನ್ನು ಅಂಗೈಗೆ ಉಗುಳಿ, ನೇರ ಹಯಾಶಿ ಮೇಡಂ ಮುಂದೆ ಹೋಗಿ ನಿಂತು ಮೊಬೈಲ್ ಚಾಚಿದಳು. ಅವಳ ಇಂಗ್ಲಿಷ್ ಎರಡೇ ಶಬ್ದಕ್ಕೆ ಮುಗಿಯಿತು. "ಮೇಡಂ, ಫೋಟೋ. ಫೋಟೋ!"

ರಾಣಿಯ ಪಕ್ಕದಲ್ಲಿ ಹಲ್ಲುಕಿರಿಯುತ್ತಿದ್ದ ಮೆಲ್ರಾಯ್‌ನನ್ನು ಮೇಡಂ ನೋಡಿದರು. ಅರ್ಥವಾಯಿತೆಂಬಂತೆ ತಲೆಬಾಗಿದರು. ಕೂದಲು ಸರಿಪಡಿಸಿಕೊಂಡು ಅವಳ ಪಕ್ಕಕ್ಕೆ ಬಂದು, ಭುಜಕ್ಕೆ ಭುಜ ತಾಗಿಸಿ, ಕ್ಯಾಮೆರಾಕ್ಕೆ ಮುಗುಳ್ನಕ್ಕರು.

ಸಂಜೆ ಮ್ಯೂಸಿಯಂ ಹೇಳಿದ ಸಮಯಕ್ಕೆ ತೆರೆಯಿತು. ತಿಂಗಳ ಕೊನೆಗೆ ತಾಯಿ ಮಗಳು ಮಂಗಳೂರಿನ ವಿಮಾನ ಹತ್ತಿದರು.