ಹಾಲ್ಗಂಬದ ಮೊದಲ ಮಾತು

ಶಿಖರಗಳು ತಮ್ಮ ನೆತ್ತಿಯ ಮೇಲೆ ಮನುಷ್ಯರು ಆಡಿದ ಮೊದಲ ಮಾತನ್ನು ಎಂದೂ ಮರೆಯುವುದಿಲ್ಲ. ಆಮೇಲೆ ಹತ್ತಿಬಂದ ಪ್ರತಿಯೊಬ್ಬರಿಗೂ ಅದನ್ನೇ ಹೇಳುತ್ತವೆ. ಅದಕ್ಕೇ ತುದಿಯಲ್ಲಿ ನಾಯಕರು ಮಾತಾಡುವವರೆಗೆ ಉಳಿದವರು ತುಟಿ ಬಿಚ್ಚಬಾರದೆಂಬುದು ಕಟ್ಟಳೆ.

ಯಾರೂ ಏರದ ಹಾಲ್ಗಂಬ ಶಿಖರಕ್ಕೆಂದು ತಂಡದ ನಾಯಕಿ ಮಂದಾಕಿನಿ ಒಂಬತ್ತು ವರ್ಷಗಳಿಂದ ಒಂದು ಚೆಂದದ ಸಾಲನ್ನು ಕಾಯ್ದಿಟ್ಟಿದ್ದಳು.

"ಅದೇನಮ್ಮಾವ್ರೇ ಆ ಮಾತು?" ಹೊರೆಯಾಳು ದುಗ್ಗಪ್ಪ ದಾರಿಯುದ್ದಕ್ಕೂ ಕೆಣಕಿದ್ದ.

"ಮೇಲೆ ಬಂದ್ಮೇಲೆ ಕೇಳು. ಅಲ್ಲೀವರೆಗೆ ಬಾಯಿಗೆ ಎಲೆ ಅಡಿಕೆ ತುಂಬ್ಕೋ."

ಹಿಮದಲ್ಲಿ ಮೆಟ್ಟಿಲು ಕಡಿಯುತ್ತ ದುಗ್ಗಪ್ಪನೇ ಮೊದಲು ತುದಿ ಮುಟ್ಟಿ, ಬಾಯಿ ಬಿಗಿದು ನಿಂತ. ಕೊನೆಯ ಅಂಚಿನಲ್ಲಿ ಮಂದಾಕಿನಿಯ ಕಾಲು ಜಾರಿತು.

"ಹೆದರ್ಬ್ಯಾಡಿ, ನನ್ನ ಕೈ ಹಿಡ್ಕೊಳ್ಳಿ," ಎಂದುಬಿಟ್ಟ.

ಅವಳನ್ನು ಮೇಲಕ್ಕೆಳೆದುಕೊಂಡವನೇ ಮುಖ ಮುಚ್ಚಿ ಕುಳಿತ. "ಹಾಳು ಮಾಡ್ಬಿಟ್ಟೆ ಅಮ್ಮಾವ್ರೇ."

ಒಂಬತ್ತು ವರ್ಷದ ಸಾಲು ಅವಳ ಗಂಟಲಲ್ಲೇ ಉಳಿಯಿತು. ಮೋಡಗಳು ಕೆನೆಯಂತೆ ನಿಧಾನವಾಗಿ ಅವರಿಬ್ಬರ ಸುತ್ತ ಕಟ್ಟಿಕೊಂಡವು.

ಅಷ್ಟರಲ್ಲಿ ಹಿಂದೆ ಬರುತ್ತಿದ್ದ ಅಡುಗೆಯ ಕೆಂಚಮ್ಮ ಅದೇ ಅಂಚಿಗೆ ಬಂದು, ಏನೂ ಕಾಣದೆ ನಡುಗುತ್ತ ನಿಂತಳು. ಶಿಖರ ದುಗ್ಗಪ್ಪನ ದನಿಯಲ್ಲೇ ಮೆಲ್ಲಗೆ ಹೇಳಿತು: "ಹೆದರ್ಬ್ಯಾಡಿ, ನನ್ನ ಕೈ ಹಿಡ್ಕೊಳ್ಳಿ."

ಕೆಂಚಮ್ಮ ನಂಬಿ ಮಂಜಿನೊಳಗೆ ಕೈ ಚಾಚಿದಳು. ಮಂದಾಕಿನಿ ಎದ್ದು ಹೋಗಿ ಆ ಕೈ ಹಿಡಿದುಕೊಂಡಳು.