ಬೇಲಿಯ ಬಾಗು

ಆ ವಾರ ಎರಡನೇ ಸಲ ಯಾರೋ ಇಬ್ಬರು ಗಂಡಸರು ನಮ್ಮ ಹಾಸ್ಟೆಲಿನ ಕಾಂಪೌಂಡ್ ಹಾರಿ ಬಂದಿದ್ದರು. ಸಂಜೆ ಒಣಗಿದ ಬಟ್ಟೆ ತೆಗೆಯಲು ಹಿತ್ತಲಿಗೆ ಹೋಗಿದ್ದ ಶೈನಾಜಳ ಕೈ ಹಿಡಿದು ಎಳೆದಿದ್ದರು. ಅವಳು ಕಿರುಚಿಕೊಂಡಿದ್ದರಿಂದ ಬಿಟ್ಟು ಓಡಿದ್ದರು.

ನಾವು ನಲವತ್ತು ಜನ ಸಹಿ ಮಾಡಿದ ಅರ್ಜಿಯನ್ನು ವಾರ್ಡನ್ ಮುಂದಿಟ್ಟೆವು.

“ಯಾರೂ ಕರೀದೆ ಸುಮ್ಸುಮ್ನೆ ಬರ್ತಾರಾ ಅವರು?” ಎಂದರು, ಅರ್ಜಿಯನ್ನು ಓದದೆ.

“ಮೇಡಂ, ಬೇಲಿ ಹಾಕಿಸಿ. ಇಲ್ಲಾಂದ್ರೆ ನಾವೇ ಸ್ಟೇಷನ್ನಿಗೆ ಹೋಗ್ತೀವಿ.” ನಾನು ಅರ್ಜಿಯನ್ನು ಅವರತ್ತ ಇನ್ನಷ್ಟು ತಳ್ಳಿದೆ.

“ಆಯ್ತಮ್ಮ, ಹಾಕಿಸ್ತೀನಿ. ಸ್ಟೇಷನ್ನು ಗೀಷನ್ನು ಅನ್ಬೇಡ.”

ನಾಲ್ಕೇ ದಿನಕ್ಕೆ ಕೆಲಸ ಶುರುವಾಯಿತು. ಗೋಡೆಯ ಮೇಲೆ ಕಬ್ಬಿಣದ ಕಂಬ, ಕಂಬಕ್ಕೆ ಮುಳ್ಳುತಂತಿ. ಮರುದಿನ ಶೈನಾಜ್ ತಾನೇ ಹೋಗಿ ಕೆಲಸದವನಿಗೆ ಚಹಾ ಕೊಟ್ಟಳು. ನಾನು ಕಂಬಗಳನ್ನೇ ನೋಡುತ್ತ ನಿಂತೆ. ನಮ್ಮಪ್ಪ ಗೋದಾಮಿನ ಕಾವಲುಗಾರ. ಅಲ್ಲಿ ಕಂಬಗಳ ತುದಿ ರಸ್ತೆಯ ಕಡೆಗೆ ಬಾಗಿದೆ. ಯಾವ ಕಡೆಯಿಂದ ಹತ್ತುತ್ತಾರೋ ಆ ಕಡೆಗೇ ಬಾಗಿರಬೇಕು, ಹತ್ತುವವರ ತಲೆಗೆ ತಂತಿ ತಾಗಬೇಕು. ಇಲ್ಲಿ ಎಲ್ಲ ಕಂಬಗಳೂ ನಮ್ಮ ಕಡೆಗೆ ಬಾಗಿದ್ದವು.

“ಅಣ್ಣಾ, ಉಲ್ಟಾ ನೆಟ್ಟಿದ್ದೀರಲ್ಲ! ಅವರು ಬರೋದು ಆಚೆಯಿಂದ. ಇಷ್ಟೂ ಗೊತ್ತಾಗಲ್ವಾ ನಿಮಗೆ?” ಎಂದು ರೇಗಿದೆ.

ಅವನು ಲೋಟ ಕೆಳಗಿಟ್ಟ.

“ಗೊತ್ತು ಕಣಮ್ಮ. ನಿನ್ನೆ ಆಚೆಗೇ ಬಗ್ಗಿಸಿ ನೆಟ್ಟಿದ್ದೆ. ನಿಮ್ಮ ಮೇಡಮ್ಮೋರೇ ನಿಂತು ಕೀಳಿಸಿದ್ರು, ‘ಗೋಡೆ ಹಾರೋವು ಒಳಗೇ ಇದಾವೆ ಕಣಯ್ಯಾ’ ಅಂತ.”