ಮೂವತ್ತೆರಡನೆಯ ಗಂಟೆ

ಮೂವತ್ತೊಂದನೆಯ ಗಂಟೆ ಹೊಡೆದ ಆರ್ಲೊ ಹಗ್ಗ ಬಿಡದೆ ನಿಂತ. ವೆಸ್ಟ್ ವರ್ಜೀನಿಯಾದ ಆ ಕಲ್ಲಿದ್ದಲ ಊರಿನ ಚರ್ಚಿನಲ್ಲಿ, ಗಣಿ ಕುಸಿದ ದಿನದಂದು ಸತ್ತವರಿಗೆಲ್ಲ ವರ್ಷವರ್ಷವೂ ತಲೆಗೊಂದು ಗಂಟೆ. ಅದೇ ಕುಸಿತದಲ್ಲಿ ಗಾಯಗೊಂಡ ವರ್ನಾಳ ಗಂಡ ಸತ್ತದ್ದು ಹನ್ನೊಂದು ದಿನದ ಮೇಲೆ, ಆಸ್ಪತ್ರೆಯಲ್ಲಿ.

"ಪಟ್ಟೀಲಿ ಹೆಸರಿಲ್ಲ ಕಣಮ್ಮ," ಎಂದು ಆರ್ಲೊ ನಲವತ್ತು ವರ್ಷ ಹೇಳಿದ್ದ.

"ತಡವಾಗಿ ಸತ್ತಿದ್ದೇ ತಪ್ಪಾಯ್ತೇನೋ?" ಎನ್ನುತ್ತಿದ್ದಳು ಅವಳು. ಕೊನೆಯ ಗಂಟೆಯಾದ ಮೇಲೆ ಊರುಗೋಲಿನಿಂದ ನೆಲಕ್ಕೆ ತಾನೇ ಒಮ್ಮೆ ಕುಟ್ಟುತ್ತಿದ್ದಳು.

ಹೋದ ತಿಂಗಳು ಅವಳನ್ನು ಮಣ್ಣು ಮಾಡಿದ್ದರು. ಊರುಗೋಲಿನ ಸದ್ದಿಲ್ಲದ ಆ ಮೌನವನ್ನು ಆರ್ಲೊನಿಗೆ ತಡೆಯಲಾಗಲಿಲ್ಲ. ಹಗ್ಗ ಜಗ್ಗಿಬಿಟ್ಟ.

ಬೆಂಚುಗಳಲ್ಲಿ ನಗು ಹರಡಿತು. "ಅಜ್ಜಾ, ಎಣಿಕೆ ತಪ್ತಲ್ಲ! ಒಂದು ಜಾಸ್ತಿ ಹೊಡೆದ್ಯಲ್ಲ!"

ಯಾರ ಗಂಟೆಯೆಂದು ಒಬ್ಬರೂ ಕೇಳಲಿಲ್ಲ. ಆರ್ಲೊ ಹಗ್ಗವನ್ನು ಮೊಳೆಗೆ ಸಿಕ್ಕಿಸಿದ.

"ಹೌದಪ್ಪ," ಎಂದ, "ತಪ್ಪಿತು."